ಒಂಬತ್ತು ವಾರಕ್ಕೆ 4.7 ಕಿಲೋ: ತೂಕ ಇಳಿಯುವ ವೇಗ ಇಷ್ಟೇ ಇರುತ್ತದೆಯೇ?

ಪ್ರಶ್ನೆ: ಮಂಡಕ್ಕಿಪ್ರಿಯೆ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಎತ್ತರ 158 ಸೆಂಟಿಮೀಟರ್, ದಾವಣಗೆರೆಯಲ್ಲಿ ದಿನವಿಡೀ ಕುಳಿತೇ ಮಾಡುವ ಬ್ಯಾಂಕಿನ ಕೆಲಸ. ಒಂಬತ್ತು ವಾರಗಳ ಹಿಂದೆ ತಪಾಸಣೆ ಮಾಡಿಸಿದಾಗ ತೂಕ 76 ಕಿಲೋ ಇತ್ತು, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಶೇಕಡಾ 6.1 ಬಂದಿತ್ತು. ಇನ್ನೂ ಮಧುಮೇಹ ಬಂದಿಲ್ಲ, ಆದರೆ ಅದರ ಹೊಸ್ತಿಲಲ್ಲಿದ್ದೀರಿ, ತೂಕ ಇಳಿಸಿ ಎಂದು ವೈದ್ಯರು ಹೇಳಿದರು. ಎಷ್ಟು, ಎಷ್ಟು ದಿನಗಳಲ್ಲಿ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗ ತಮ್ಮನ ಮದುವೆಗೆ ಸರಿಯಾಗಿ ನಾಲ್ಕು ತಿಂಗಳಿತ್ತು. ಅಷ್ಟರಲ್ಲಿ 60 ಕಿಲೋಗೆ ಬರಬೇಕೆಂದು ನಾನೇ ನಿಶ್ಚಯಿಸಿಕೊಂಡೆ.

ರಾತ್ರಿಯ ಅನ್ನ ಬಿಟ್ಟು ಒಂದು ಜೋಳದ ರೊಟ್ಟಿ, ಪಲ್ಯ, ಹೆಸರುಬೇಳೆ ಕೋಸಂಬರಿಗೆ ಇಳಿದಿದ್ದೇನೆ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯನ್ನು, ಈ ಊರಿನಲ್ಲಿದ್ದುಕೊಂಡು, ಪೂರ್ತಿ ನಿಲ್ಲಿಸಿದ್ದೇನೆ. ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಮೊದಲ ಮೂರು ವಾರಗಳಲ್ಲಿ 3 ಕಿಲೋ ಇಳಿಯಿತು. ಆಮೇಲಿನ ಆರು ವಾರಗಳಲ್ಲಿ ಇಳಿದದ್ದು ಬರೀ 1.7 ಕಿಲೋ, ಅದರಲ್ಲೂ ಒಂದು ವಾರ 600 ಗ್ರಾಂ ಏರಿತು. ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ತಿಂಗಳಿಗೆ ಹತ್ತು ಕಿಲೋ ಇಳಿಸುತ್ತದೆಂದು ಹೇಳುವ ಯಾವುದೋ ಪುಡಿಯನ್ನು ಕುಡಿಯುತ್ತಿದ್ದಾರೆ, ನನಗೂ ಡಬ್ಬಿ ತರಿಸಿಕೊಡುತ್ತೇನೆ ಎನ್ನುತ್ತಾರೆ. ಮೈಯೊಳಗೆ ಏನೋ ದೋಷವಿದೆ ಎಂಬ ಅಮ್ಮನ ಸಂಶಯಕ್ಕೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದೆ, ಸರಿಯಾಗಿಯೇ ಇದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ? ರಾತ್ರಿಯ ಊಟವನ್ನೇ ಬಿಟ್ಟುಬಿಡಲೇ?

ಉತ್ತರ: ಸೇರುಪಾವು

ಮೇಡಂ, ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತೇನೆ. ನಿಮ್ಮ ಊಟದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ, ತಪ್ಪಿರುವುದು ನೀವು ಹಾಕಿಕೊಂಡ ಗಡುವಿನಲ್ಲಿ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿಯ ಕೊರತೆ ಬೇಕೆಂಬುದು ಸ್ಥೂಲ ಲೆಕ್ಕ. ನಾಲ್ಕು ತಿಂಗಳಲ್ಲಿ 16 ಕಿಲೋ ಎಂದರೆ ದಿನಕ್ಕೆ ಒಂದು ಸಾವಿರಕ್ಕೂ ಹೆಚ್ಚು ಕ್ಯಾಲರಿ ಕಡಿಮೆ ತಿನ್ನಬೇಕಾಗುತ್ತದೆ. ನಿಮ್ಮ ವಯಸ್ಸು, ಎತ್ತರ, ಕುಳಿತು ಮಾಡುವ ಕೆಲಸ ಇವನ್ನೆಲ್ಲ ನೋಡಿದರೆ ನಿಮ್ಮ ದೇಹ ಖರ್ಚು ಮಾಡುವುದೇ ದಿನಕ್ಕೆ 1,800ರ ಆಸುಪಾಸು. ಉಳಿಯುವ ಎಂಟುನೂರರೊಳಗೆ ಬೇಕಾದ ಪ್ರೋಟೀನು, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಸಾಮಾನ್ಯ ಅಡುಗೆಯಿಂದ ಹೊಂದಿಸುವುದು ಬಹಳ ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನು ಸುರಕ್ಷಿತವೆಂದು ಪರಿಗಣಿಸುತ್ತದೆ, ತೂಕ ಇಳಿಸುವ ಆಹಾರ ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗಿಳಿಯಬಾರದೆಂದೂ ಹೇಳುತ್ತದೆ. ಆದ್ದರಿಂದ ರಾತ್ರಿಯ ಊಟವನ್ನು ಬಿಡಬೇಡಿ.

ಇನ್ನು ಮೊದಲ ಮೂರು ವಾರಗಳ 3 ಕಿಲೋ. ಅದರಲ್ಲಿ ಬಹುಪಾಲು ಕೊಬ್ಬಲ್ಲ, ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋದಷ್ಟು ಶರ್ಕರ ದಾಸ್ತಾನಿರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ಊಟ ಕಡಿಮೆಯಾದ ಕೂಡಲೇ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ, ಅದು ಕರಗಿದಂತೆ ನೀರೂ ಹೊರಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿ ಬಿಟ್ಟವರಲ್ಲಿ ಉಪ್ಪು ಹಿಡಿದಿಟ್ಟ ನೀರೂ ಇದಕ್ಕೆ ಸೇರುತ್ತದೆ. ಪುಡಿ ಮಾರುವವರ ಜಾಹೀರಾತೆಲ್ಲ ನಿಂತಿರುವುದು ಈ ಮೊದಲ ವಾರಗಳ ಮೇಲೆಯೇ. ನಿಮ್ಮ ನಿಜವಾದ ವೇಗವೆಂದರೆ ಆಮೇಲಿನ ಆರು ವಾರಗಳದು: ವಾರಕ್ಕೆ ಸುಮಾರು 280 ಗ್ರಾಂ, ಅಂದರೆ ದಿನಕ್ಕೆ 300 ಕ್ಯಾಲರಿಯ ಕೊರತೆ. ನೀವು ಮಾಡಿಕೊಂಡಿರುವ ಬದಲಾವಣೆಗಳಿಗೆ ಅದು ಸರಿಯಾಗಿಯೇ ಹೊಂದುತ್ತದೆ.

600 ಗ್ರಾಂ ಏರಿದ ವಾರ ಮುಟ್ಟಿನ ಮುಂಚಿನ ವಾರವಾಗಿತ್ತೇ ನೋಡಿ. ಆ ದಿನಗಳಲ್ಲಿ ನೀರು ನಿಂತು ಒಂದು ಕಿಲೋದವರೆಗೂ ತೂಕ ಏರುವುದು ಸಾಮಾನ್ಯ. ಈ ವಾರವನ್ನು ಕಳೆದ ವಾರಕ್ಕೆ ಹೋಲಿಸುವುದಕ್ಕಿಂತ ಕಳೆದ ತಿಂಗಳ ಇದೇ ಹಂತಕ್ಕೆ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ವೈದ್ಯರನ್ನು ನೀವು ಕೇಳದೆ ಬಿಟ್ಟ ‘ಎಷ್ಟು’ ಎಂಬ ಪ್ರಶ್ನೆಗೂ ಉತ್ತರವಿದೆ. ನಿಮ್ಮಂತೆಯೇ ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಜೀವನಶೈಲಿ ಗುಂಪಿಗೆ ಕೊಟ್ಟ ಗುರಿ ದೇಹತೂಕದ ಶೇಕಡಾ 7 ಮಾತ್ರ. 24 ವಾರಗಳ ಕೊನೆಗೆ ಆ ಗುರಿ ಮುಟ್ಟಿದವರು ಅರ್ಧದಷ್ಟು ಜನ. ಹಾಗಿದ್ದೂ ಆ ಗುಂಪಿನಲ್ಲಿ ಮಧುಮೇಹ ಬರುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತು. ನೀವು ಒಂಬತ್ತು ವಾರಗಳಲ್ಲೇ ಶೇಕಡಾ 6ನ್ನು ದಾಟಿದ್ದೀರಿ. ಸೋತವರ ದನಿಯಲ್ಲಿ ಏಕೆ ಬರೆದಿದ್ದೀರೋ ತಿಳಿಯದು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಗಮನಾರ್ಹವಾಗಿ ತೂಕ ಇಳಿಯದಿದ್ದರೂ, ಊಟ ಮತ್ತು ನಡಿಗೆಯ ಬದಲಾವಣೆಯಿಂದಲೇ ಅಪಾಯ ಶೇಕಡಾ 28.5ರಷ್ಟು ಕಡಿಮೆಯಾಯಿತು.

ಉತ್ತರ: ಹಳೇ ಸೈಕಲ್

ನಾನು ತಜ್ಞನಲ್ಲ, ಮೈಸೂರಿನ 54 ವರ್ಷದ ಗುಮಾಸ್ತ. ಹದಿನಾರು ತಿಂಗಳಲ್ಲಿ 11 ಕಿಲೋ ಇಳಿಸಿದ್ದೇನೆ. ಅದರಲ್ಲಿ ಏಳು ವಾರ ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತಿತ್ತು. ಆ ಏಳು ವಾರಗಳಲ್ಲಿ ನನ್ನ ಬೆಲ್ಟು ಒಂದು ತೂತು ಒಳಗೆ ಹೋಯಿತು, ನಾನದನ್ನು ಗಮನಿಸಿದ್ದು ಎಷ್ಟೋ ದಿನಗಳ ಮೇಲೆ. ಸೊಂಟದ ಸುತ್ತಳತೆಯನ್ನೂ ಬರೆದಿಡಿ, ತಂಗೀ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಎಂಬ ಮಿತಿಯನ್ನು ನಮ್ಮ ವೈದ್ಯರು ಹೇಳಿದ್ದರು.

ಇನ್ನೊಂದು ಮಾತು. ಯುಗಾದಿಯ ಮರುದಿನ ತೂಕ ನೋಡಿಕೊಂಡಾಗ ಒಂದೂವರೆ ಕಿಲೋ ಏರಿತ್ತು, ಎಲ್ಲವೂ ಮುಗಿಯಿತೆಂದು ಕೈಚೆಲ್ಲಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ: ಒಂದೂವರೆ ಕಿಲೋ ಕೊಬ್ಬು ಸೇರಬೇಕಾದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲರಿಯನ್ನು ಹೆಚ್ಚುವರಿಯಾಗಿ ತಿಂದಿರಬೇಕು. ನಾನು ಒಬ್ಬಟ್ಟಿನ ವಿಷಯದಲ್ಲಿ ಸಂಕೋಚಪಟ್ಟವನಲ್ಲ, ಆದರೂ ಒಂದು ದಿನದಲ್ಲಿ ಅಷ್ಟು ನನ್ನಿಂದಲೂ ಆಗದು. ಐದು ದಿನಗಳಲ್ಲಿ ಅದು ತಾನಾಗಿ ಇಳಿಯಿತು.

ಉತ್ತರ: ಎದುರುಗಾಳಿ

ಸೇರುಪಾವು ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ‘ನಿಧಾನವಾಗಿ ಇಳಿದದ್ದೇ ನಿಲ್ಲುತ್ತದೆ, ಬೇಗ ಇಳಿದದ್ದು ಬೇಗ ಮರಳುತ್ತದೆ’ ಎಂದು ಎಲ್ಲರೂ ಮಂತ್ರದಂತೆ ಹೇಳುವುದಕ್ಕೆ ನನ್ನ ಆಕ್ಷೇಪವಿದೆ. ಆಸ್ಟ್ರೇಲಿಯಾದಲ್ಲಿ 200 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರಗಳಲ್ಲಿ, ಇನ್ನೊಂದಕ್ಕೆ 36 ವಾರಗಳಲ್ಲಿ ತೂಕ ಇಳಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಿಗೆ ಸಮೀಪದ ಅವಧಿಯಲ್ಲಿ ಎರಡೂ ಗುಂಪಿನವರು ಇಳಿಸಿದ್ದರಲ್ಲಿ ಶೇಕಡಾ 71ರಷ್ಟನ್ನು ಮರಳಿ ಪಡೆದರು. ಅಂದರೆ ವೇಗದಿಂದ ವ್ಯತ್ಯಾಸವೇ ಆಗಲಿಲ್ಲ. ಅಷ್ಟೇ ಅಲ್ಲ, ಗುರಿ ಮುಟ್ಟಿದವರ ಪ್ರಮಾಣ ವೇಗದ ಗುಂಪಿನಲ್ಲಿಯೇ ಹೆಚ್ಚಾಗಿತ್ತು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ದಿನಕ್ಕೆ 850ರ ಆಸುಪಾಸಿನ ಕ್ಯಾಲರಿಯ ದ್ರವಾಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟಾಗ, ಟೈಪ್ 2 ಮಧುಮೇಹವಿದ್ದವರಲ್ಲಿ ಶೇಕಡಾ 46ರಷ್ಟು ಜನ ಒಂದು ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಮಧುಮೇಹದ ಮಿತಿಯಿಂದ ಕೆಳಗಿದ್ದರು. ಹಾಗಿರುವಾಗ ವೇಗವನ್ನು ಏಕೆ ಹಳಿಯಬೇಕು?

ಉತ್ತರ: ಸೇರುಪಾವು

ನಿಮ್ಮ ಆಕ್ಷೇಪ ನ್ಯಾಯವಾದದ್ದೇ, ಆ ಮಂತ್ರವನ್ನು ನಾನೂ ಒಂದು ಕಾಲದಲ್ಲಿ ಹೇಳುತ್ತಿದ್ದೆ. ಆದರೆ ನೀವು ಹೇಳಿದ ಎರಡೂ ಅಧ್ಯಯನಗಳಲ್ಲಿ ಇದ್ದದ್ದು ಪೋಷಕಾಂಶಗಳನ್ನು ಅಳೆದು ತುಂಬಿದ ಆಹಾರ, ಆರೋಗ್ಯ ಸಿಬ್ಬಂದಿಯ ನಿರಂತರ ಮೇಲ್ವಿಚಾರಣೆ. ಸಹೋದ್ಯೋಗಿಯ ಡಬ್ಬಿಯಲ್ಲಿ ಏನಿದೆಯೆಂದೇ ಯಾರಿಗೂ ಗೊತ್ತಿಲ್ಲ. ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿಯುವವರಲ್ಲಿ ಪಿತ್ತಕೋಶದ ಕಲ್ಲಿನ ಅಪಾಯ ಹೆಚ್ಚುತ್ತದೆ, ಎರಡು ಮೂರು ತಿಂಗಳ ನಂತರ ಕೂದಲು ಹಿಡಿಹಿಡಿಯಾಗಿ ಉದುರುವುದೂ ಉಂಟು. ವೇಗದ ದಾರಿ ಬೇಕಾದವರು ವೈದ್ಯರ ಕಣ್ಣಳತೆಯಲ್ಲಿಯೇ ಹೋಗಬೇಕು.

ಇನ್ನೊಂದನ್ನು ನಾನು ಮೊದಲೇ ಹೇಳಬೇಕಿತ್ತು. 7,700ರ ಲೆಕ್ಕ ಆರಂಭದ ತಿಂಗಳುಗಳಿಗೆ ಸರಿ, ವರ್ಷಗಟ್ಟಲೆ ಎಳೆದರೆ ಸುಳ್ಳಾಗುತ್ತದೆ, ಏಕೆಂದರೆ ತೂಕ ಇಳಿದ ದೇಹ ಖರ್ಚು ಮಾಡುವುದೂ ಕಡಿಮೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ದಿನಕ್ಕೆ 24 ಕ್ಯಾಲರಿಯನ್ನು ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಇಳಿಯುವುದು ಸುಮಾರು ಒಂದು ಕಿಲೋ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಬಹುಪಾಲು ಇಳಿಯಲು ಮೂರು ವರ್ಷ ಬೇಕು. ದಿನಕ್ಕೆ ಮೂರು ಲೋಟ ಕಾಫಿಯ 30 ಗ್ರಾಂ ಸಕ್ಕರೆ ಬಿಟ್ಟವರಿಗೆ 120 ಕ್ಯಾಲರಿ ಉಳಿಯುತ್ತದೆ. ಹಳೆಯ ಲೆಕ್ಕದಲ್ಲಿ ವರ್ಷಕ್ಕೆ ಐದೂವರೆ ಕಿಲೋ ಇಳಿಯಬೇಕು, ನಿಜದಲ್ಲಿ ಇಳಿಯುವುದು ಎರಡೂವರೆ. ಆದ್ದರಿಂದ ಮುಂದಿನ ತಿಂಗಳುಗಳಲ್ಲಿ ನಿಮ್ಮ 280 ಗ್ರಾಂ 200ಕ್ಕೆ ಇಳಿದರೆ ದೋಷ ಹುಡುಕಬೇಡಿ. ನಿಮ್ಮ ಊಟಕ್ಕೆ ನಾನು ಸೇರಿಸುವುದು ಎರಡೇ: ಮಧ್ಯಾಹ್ನ ಒಂದು ಬಟ್ಟಲು ಮೊಳಕೆ ಕಾಳು ಅಥವಾ ಮೊಸರು, ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲು ಕಡಿಮೆಯಾಗಬೇಕು.

ಮಂಡಕ್ಕಿಪ್ರಿಯೆ

ಎಲ್ಲರಿಗೂ ಧನ್ಯವಾದಗಳು. ಕ್ಯಾಲೆಂಡರ್ ತೆಗೆದು ನೋಡಿದೆ, 600 ಗ್ರಾಂ ಏರಿದ್ದು ಮುಟ್ಟಿಗೆ ಮೂರು ದಿನ ಮುಂಚೆಯೇ. ಡಬ್ಬಿ ಬೇಡವೆಂದು ಸಹೋದ್ಯೋಗಿಗೆ ಹೇಳಿದ್ದೇನೆ, ಅವರಿಗೆ ಸ್ವಲ್ಪ ಬೇಸರವಾಗಿದೆ. ಮದುವೆಗೆ 69ರ ಆಸುಪಾಸಿನಲ್ಲಿರುತ್ತೇನೆಂದು ಲೆಕ್ಕ ಹಾಕಿ, ದರ್ಜಿಗೆ ಕೊಟ್ಟಿದ್ದ ಹಳೆಯ ಅಳತೆಯ ರವಿಕೆಯನ್ನು ವಾಪಸು ತಂದು ಈಗಿನ ಮೈಗೆ ಸರಿಯಾಗಿ ಹೊಲಿಯಲು ಕೊಟ್ಟೆ. ಒಳಗೆ ಹಿಡಿಯುವುದಕ್ಕೆ ಅವರು ಹೇಗೂ ಬಟ್ಟೆ ಬಿಡುತ್ತಾರೆ. ಎಚ್‌ಬಿಎ1ಸಿಯನ್ನು ಈಗಲೇ ಮತ್ತೊಮ್ಮೆ ಮಾಡಿಸಬಹುದೇ?

ಸೇರುಪಾವು

ಇನ್ನು ಮೂರು ನಾಲ್ಕು ವಾರ ಕಾಯಿರಿ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಲೆಕ್ಕ, ಆ ಕಣಗಳ ಆಯುಸ್ಸು ಸುಮಾರು 120 ದಿನ. ಈಗ ಮಾಡಿಸಿದರೆ ಮಂಡಕ್ಕಿ-ಮೆಣಸಿನಕಾಯಿಯ ದಿನಗಳೂ ಅದರಲ್ಲಿ ಸೇರಿಬಿಡುತ್ತವೆ.