ಟೆಸ್ಟ್ ಬಟನ್ ಒತ್ತಿದರೆ ಕೂಗುತ್ತದೆ, ಸಿಒ ಅಲಾರಂ ಸರಿ ಇದೆ ಅಂತ ನಂಬಬಹುದಾ?

ಬಾಡಿಗೆಮನೆ_ಬೆಂಗಳೂರು:
ನಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇದೆ. ಮಗಳು ಸ್ನಾನಕ್ಕೆ ಹೋದರೆ ಬಾಗಿಲ ಹತ್ತಿರವೇ ನಿಂತಿರುತ್ತೇನೆ, ಅಷ್ಟು ಭಯ. ಅದಕ್ಕೇ ಪ್ಯಾಸೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ (ಸಿಒ, ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ವಿಷದ ಅನಿಲ) ಅಲಾರಂ ಹಾಕಿದ್ದೇನೆ. ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡುತ್ತೇನೆ, ಕೂಗುತ್ತದೆ. ಆದರೆ ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ, ಗೀಸರ್, ಒಲೆ ಎರಡೂ ಆಫ್ ಇದ್ದಾಗ 40 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 40 ಪಾಲು) ತೋರಿಸಿತು. ಕೂಗಲಿಲ್ಲ. ಕೆಟ್ಟಿದೆಯಾ?

ಮೀಟರ್_ರಿಪೇರಿ:
ಇನ್ವರ್ಟರ್ ಬ್ಯಾಟರಿ ಅಲ್ಲೇ ಹತ್ತಿರ ಇದೆಯಾ? ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಈ ಸೆನ್ಸರ್ ಅದನ್ನೂ ಸಿಒ ಅಂತಲೇ ಎಣಿಸುತ್ತದೆ.

ಅಲಾರಂ ಒಳಗಿನ ಸೆನ್ಸರ್ ಅಂದರೆ ಬಾಟಲಿ ಮುಚ್ಚಳದಷ್ಟು ಡಬ್ಬಿ, ಮೇಲೆ ಒಂದು ಸೂಜಿ ತೂತು. ಅದರಲ್ಲಿ ಪ್ಲಾಟಿನಂ ಎಲೆಕ್ಟ್ರೋಡ್‌ಗಳು, ನಡುವೆ ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಸಿಡ್. ತೂತಿನಿಂದ ಒಳಗೆ ಹೋದ ಸಿಒ, ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಆಗ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳೇ ಕರೆಂಟ್. ಒಂದು ಪಿಪಿಎಂಗೆ ಕೆಲವೇ ನ್ಯಾನೋಆಂಪ್, ಆದರೆ ಗ್ಯಾಸ್ ಎಷ್ಟೋ ಕರೆಂಟೂ ಅಷ್ಟೇ, ಲೆಕ್ಕ ನೇರ.

ಬಟನ್ ಒತ್ತಿದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಬಜರ್, ಬ್ಯಾಟರಿ, ಸರ್ಕ್ಯೂಟ್ ಮಾತ್ರ ಪರೀಕ್ಷೆ ಆಗುತ್ತದೆ. ಸೆನ್ಸರ್ ಗ್ಯಾಸ್ ಹಿಡಿಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಫ್ಯಾಕ್ಟರಿಗಳಲ್ಲಿ ಸಣ್ಣ ಸಿಲಿಂಡರಿನಿಂದ ಅಳತೆ ಗೊತ್ತಿರುವ ಗ್ಯಾಸ್ ಬಿಟ್ಟೇ ನೋಡುತ್ತಾರೆ.

40ಕ್ಕೆ ಕೂಗದೇ ಇದ್ದದ್ದು ತಪ್ಪಲ್ಲ. ಯುರೋಪಿನ ನಿಯಮದ ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದ ನಡುವೆ ಕೂಗಬೇಕು, 300 ಆದರೆ 3 ನಿಮಿಷದೊಳಗೆ.

ಬಾಡಿಗೆಮನೆ_ಬೆಂಗಳೂರು:
ಹೌದು ಸರ್, ಇನ್ವರ್ಟರ್ ಸರಿಯಾಗಿ ಅದರ ಕೆಳಗೇ ಇದೆ! ಅಂದರೆ ಇನ್ನು ಮೇಲೆ ನಂಬರ್ ಬಂದರೆ ಸುಮ್ನೆ ಇರಬಹುದಾ?

ಮೀಟರ್_ರಿಪೇರಿ:
ಬೇಡವೇ ಬೇಡ. ನಂಬರ್ ಬಂದ ತಕ್ಷಣ ಕಿಟಕಿ ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ, ಕಾರಣ ಆಮೇಲೆ ಹುಡುಕಿ. ಬ್ಯಾಟರಿಯನ್ನು ಗಾಳಿ ಆಡುವ ಕಡೆ ಇಡಿ.

ಅಡುಗೆ_ಅನಿಲ:
ಅಲಾರಂ ಹಿಂದೆ ತಯಾರಾದ ವರ್ಷ ಇರುತ್ತದೆ, ನೋಡಿ. ಸೆನ್ಸರ್ ಆಯಸ್ಸು ಮಾಡೆಲ್ ನೋಡಿಕೊಂಡು 5ರಿಂದ 10 ವರ್ಷ, ಉಪಯೋಗಿಸದೆ ಇಟ್ಟರೂ ಹಳೆಯದಾಗುತ್ತದೆ. ಹತ್ತಿರ ಸಿಲಿಕೋನ್ ಸೀಲೆಂಟ್ ಹಚ್ಚಬೇಡಿ, ಸ್ಪ್ರೇ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ತೂತು ಉಜ್ಜಬೇಡಿ. ಒಣ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಮತ್ತೆ, ಅಲಾರಂ ಇದೆ ಅಂತ ಗೀಸರನ್ನು ಬಚ್ಚಲಲ್ಲೇ ಬಿಡಬೇಡಿ, ದಯವಿಟ್ಟು.

ಬಾಡಿಗೆಮನೆ_ಬೆಂಗಳೂರು:
ಈಗ ತಿರುಗಿಸಿ ನೋಡಿದೆ, 2014 ಅಂತಿದೆ. ಪರಿಚಯದವರು ಊರು ಬಿಡುವಾಗ ಕೊಟ್ಟು ಹೋಗಿದ್ದು. ಹೊಸದಕ್ಕೆ ಆರ್ಡರ್ ಮಾಡಿದೆ. ಗೀಸರನ್ನು ಬಾಲ್ಕನಿಗೆ ಹಾಕಿಸಲು ಓನರ್ ಒಪ್ಪಿದ್ದಾರೆ, ಅಲ್ಲಿಯವರೆಗೆ ಮಗಳ ಸ್ನಾನಕ್ಕೆ ನೀರನ್ನು ಅಡುಗೆಮನೆಯಲ್ಲೇ ಕಾಯಿಸುತ್ತೇನೆ.