ಮ್ಯಾಕ್ಸಿಮಮ್, ಮ್ಯಾಕ್ಸಿಮಲ್: ಎರಡಕ್ಕೂ ‘ಗರಿಷ್ಠ’ ಸಾಕೇ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಎಂ.ಎಸ್ಸಿ. ಗಣಿತದವರಿಗೆ ಗ್ರಾಫ್ ಮತ್ತು ನೆಟ್‌ವರ್ಕ್‌ಗಳ ಕಾಂಬಿನೇಟೋರಿಯಲ್ ಆಪ್ಟಿಮೈಸೇಶನ್ ಪಾಠ ಮಾಡುತ್ತೇನೆ. ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಸಿರುಗುಪ್ಪ, ಕುಷ್ಟಗಿ, ಲಿಂಗಸುಗೂರು ಕಡೆಯಿಂದ ಬರುವ ಬಹಳ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಗ್ರಾಫ್‌ಗೆ (ಬಿಂದುಗಳು, ಅವುಗಳನ್ನು ಸೇರಿಸುವ ಗೆರೆಗಳು) ಹಿಂದಿನ ಶಾಲೆ ಗಣಿತದ ‘ಜಾಲಾಕೃತಿ’ ಇದೆ, ಫ್ಲೋಗೆ (ಆ ಗೆರೆಗಳ ಮೂಲಕ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗಿಸುವ ಪ್ರಮಾಣ) ‘ಹರಿವು’, ಮ್ಯಾಚಿಂಗ್‌ಗೆ ‘ಜೋಡಣೆ’. ಇವುಗಳಲ್ಲಿ ತೊಡಕಿಲ್ಲ. ತೊಡಕಿರುವುದು ಮ್ಯಾಕ್ಸಿಮಮ್, ಮ್ಯಾಕ್ಸಿಮಲ್ ಎಂಬ ಎರಡು ಪದಗಳಲ್ಲಿ. ಎರಡಕ್ಕೂ ‘ಗರಿಷ್ಠ’ ಎಂದು ಬರೆದುಬಿಟ್ಟರೆ ಗಣಿತವೇ ತಪ್ಪಾಗುತ್ತದೆ.

ಬೋರ್ಡಿನ ಮೇಲೆ ನಾನು ಹಾಕುವ ಉದಾಹರಣೆ ಇದು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ. ಒಂದೇ ರಸ್ತೆಯ ಮೇಲೆ ಸಾಲಾಗಿ ನಾಲ್ಕು ಊರು, ನಡುವೆ ಮೂರು ಗೆರೆ. ಪಕ್ಕಪಕ್ಕದ ಊರುಗಳನ್ನು ಮಾತ್ರ ಜೋಡಿ ಮಾಡಬೇಕು, ಒಂದು ಊರು ಒಂದೇ ಜೋಡಿಯಲ್ಲಿರಬೇಕು. ಜೋಡಣೆ ಅಂದರೆ ಇದೇ. ಮೊದಲು ಕಾರಟಗಿ–ಸಿಂಧನೂರು ಜೋಡಿ ಮಾಡಿದಿರಿ ಅನ್ನಿ. ಉಳಿದದ್ದು ಗಂಗಾವತಿ ಮತ್ತು ಮಾನ್ವಿ. ಅವು ಪಕ್ಕದ ಊರುಗಳಲ್ಲ, ಹಾಗಾಗಿ ಇದಕ್ಕೆ ಇನ್ನೊಂದು ಜೋಡಿ ಸೇರಿಸಲು ಬರುವುದಿಲ್ಲ. ಇದು ಮ್ಯಾಕ್ಸಿಮಲ್. ಆ ನಡುವಿನ ಗೆರೆ ಅಳಿಸಿ ಗಂಗಾವತಿ–ಕಾರಟಗಿ, ಸಿಂಧನೂರು–ಮಾನ್ವಿ ಎಂದು ಹಾಕಿದರೆ ಎರಡು ಜೋಡಿ ಸಿಗುತ್ತವೆ. ಇದು ಮ್ಯಾಕ್ಸಿಮಮ್. ಮೊದಲನೆಯದನ್ನೂ ‘ಗರಿಷ್ಠ’ ಅಂದರೆ ಒಂದು ಮತ್ತು ಎರಡು ಎರಡೂ ಗರಿಷ್ಠ ಅಂದಂತಾಯಿತು, ಅಲ್ವಾ?

ಇದನ್ನು ಸುಮ್ನೆ ಪದದ ಗಲಾಟೆ ಅಂತ ಬಿಡುವಂತಿಲ್ಲ. ಮ್ಯಾಕ್ಸಿಮಲ್ ಜೋಡಣೆಯನ್ನು ಕೈಗೆ ಸಿಕ್ಕ ಗೆರೆ ಹಾಕುತ್ತಾ ಹೋಗಿ ಯಾರು ಬೇಕಾದರೂ ಮುಗಿಸಬಹುದು. ಮ್ಯಾಕ್ಸಿಮಮ್ ಜೋಡಣೆಗೆ, ಯಾವ ಜಾಲಾಕೃತಿಯಲ್ಲಾದರೂ ನಡೆಯುವ ದಕ್ಷ ವಿಧಾನವನ್ನು ಗಣಿತಜ್ಞ ಎಡ್ಮಂಡ್ಸ್ ಕೊಟ್ಟದ್ದು 1965ರಲ್ಲಿ. ಕ್ಲಿಕ್‌ನಲ್ಲಂತೂ (ಪ್ರತಿ ಎರಡು ಊರಿನ ನಡುವೆಯೂ ನೇರ ಗೆರೆ ಇರುವ ಊರುಗಳ ಗುಂಪು) ಅಂತರ ಇನ್ನೂ ಜಾಸ್ತಿ. ಮ್ಯಾಕ್ಸಿಮಲ್ ಕ್ಲಿಕ್ ಹುಡುಕುವುದು ಸಲೀಸು. ಆದರೆ ದೊಡ್ಡ ಕ್ಲಿಕ್‌ನ ಪ್ರಶ್ನೆ ಕಂಪ್ಯೂಟರ್ ವಿಜ್ಞಾನಿ ಕಾರ್ಪ್ 1972ರಲ್ಲಿ ಕೊಟ್ಟ 21 ಕಠಿಣ ಸಮಸ್ಯೆಗಳ ಪಟ್ಟಿಯಲ್ಲೇ ಇದೆ. ಒಂದೇ ಪದ ಸಾಕಾಗುವ ಜಾಗವೂ ಇದೆ: ಬಿಡಿ ತುಂಡುಗಳಿಲ್ಲದ ಜಾಲಾಕೃತಿಯಲ್ಲಿ, ಸುತ್ತು ಬೀಳದಂತೆ ಗೆರೆ ಸೇರಿಸುತ್ತಾ ಹೋದರೆ, ಹೇಗೆ ಹೋದರೂ ಊರುಗಳಿಗಿಂತ ಒಂದು ಕಡಿಮೆ ಗೆರೆಗೇ ನಿಲ್ಲುತ್ತದೆ. ಅಲ್ಲಿ ಎರಡೂ ಒಂದೇ. ಹಾಗಾಗಿಯೇ ಮಕ್ಕಳು ಆ ಪಾಠ ಮುಗಿಸಿ ಜೋಡಣೆಗೆ ಬಂದಾಗ ಗೊಂದಲ ಶುರು.

ಮ್ಯಾಕ್ಸಿಮಮ್‌ಗೆ ‘ಗರಿಷ್ಠ’ ಇರಲಿ. ಮ್ಯಾಕ್ಸಿಮಲ್‌ಗೆ ಏನು? ‘ಸ್ಥಳೀಯ ಗರಿಷ್ಠ’ ಬೇಡ, ಕ್ಯಾಲ್ಕುಲಸ್‌ನಲ್ಲಿ ಅದಕ್ಕೆ ಬೇರೆ ಕೆಲಸವಿದೆ. ‘ಭರ್ತಿ’ ನನಗೆ ಇಷ್ಟ. ಡ್ಯಾಂ ಭರ್ತಿ ಆಯ್ತಾ ಅಂತ ಮಳೆಗಾಲವಿಡೀ ಕೇಳುವ ಸೀಮೆ ನಮ್ಮದು. ಆದರೆ ಭರ್ತಿ ಅಂದಮೇಲೆ ಯಾವ ಊರೂ ಒಂಟಿ ಉಳಿಯಬಾರದು. ಅದು ಪರ್ಫೆಕ್ಟ್ ಮ್ಯಾಚಿಂಗ್‌ಗೆ ಸರಿ. ಕ್ಲಾಸಿನಲ್ಲಿ ಒಬ್ಬ ಹುಡುಗಿ ‘ಇನ್ನ ಹಿಡಿಯಂಗಿಲ್ರಿ’ ಅಂದಳು. ಅರ್ಥ ಕರಾರುವಾಕ್ಕಾಗಿ ಅದೇ, ಆದರೆ ವ್ಯಾಖ್ಯೆಯಲ್ಲಿ ಹೇಗೆ ಬರೆಯುವುದು?

ಸದ್ಯಕ್ಕೆ ನಾನು ಬಳಸುತ್ತಿರುವುದು ‘ಹಿಗ್ಗದ ಜೋಡಣೆ’. ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ ಅನ್ನುತ್ತೇವಲ್ಲ, ಆ ಹಿಗ್ಗು. ಇದಕ್ಕೆ ಎದುರಾಗಿ ಮಿನಿಮಲ್‌ಗೆ ‘ಕುಗ್ಗದ’ ತಾನಾಗಿಯೇ ಸಿಗುತ್ತದೆ, ಮಿನಿಮಮ್‌ಗೆ ‘ಕನಿಷ್ಠ’ ಉಳಿಯುತ್ತದೆ. ಫೋರ್ಡ್–ಫಲ್ಕರ್ಸನ್ 1956ರ ಪ್ರಮೇಯಕ್ಕೆ ಇದು ಬೇಕೇ ಬೇಕು. ಕಟ್ ಅಂದರೆ ಹರಿವು ಹೊರಡುವ ಬಿಂದುವಿನಿಂದ ಸೇರುವ ಬಿಂದುವಿಗೆ ದಾರಿಯೇ ಉಳಿಯದಂತೆ ಕತ್ತರಿಸುವ ಗೆರೆಗಳು. ಗರಿಷ್ಠ ಹರಿವಿಗೆ ಸಮವಾಗುವುದು ಕನಿಷ್ಠ ಕಟ್, ಯಾವುದೋ ಒಂದು ಕುಗ್ಗದ ಕಟ್ ಅಲ್ಲ. (ಕಟ್‌ಗೆ ‘ಛೇದ’ ಬರೆದರೆ ಮಕ್ಕಳು ಭಿನ್ನರಾಶಿಯ ಕೆಳಗಿನ ಸಂಖ್ಯೆ ಹುಡುಕುತ್ತಾರೆ. ಅದನ್ನು ಕಟ್ ಎಂದೇ ಬಿಟ್ಟಿದ್ದೇನೆ.)

ನನ್ನ ಅನುಮಾನ ಒಂದೇ. ಮೇಲಿನ ಉದಾಹರಣೆಯಲ್ಲಿ ಹಳೆ ಗೆರೆ ತೆಗೆದರೆ ಜೋಡಿಗಳು ಹೆಚ್ಚುತ್ತವೆ. ಇದ್ದದ್ದನ್ನು ಮುಟ್ಟದೆ ಸೇರಿಸಲು ಬರುವುದಿಲ್ಲ ಅಷ್ಟೆ. ‘ಹಿಗ್ಗದ’ ಅಂದಾಗ ನಿಮಗೆ ಇದ್ದದ್ದನ್ನು ಮುಟ್ಟದೆ ಸೇರಿಸಲಾಗದು ಎಂಬ ಈ ಅರ್ಥ ಹೊಳೆಯುತ್ತದೆಯೇ, ಅಥವಾ ಏನು ಮಾಡಿದರೂ ಹೆಚ್ಚದು ಅಂತ ಕೇಳಿಸುತ್ತದೆಯೇ? ಹಾಗೆ ಕೇಳಿಸಿದರೆ, ನಿಮ್ಮ ಕಡೆ ಬಳಕೆಯಲ್ಲಿರುವ ಬೇರೆ ಪದ ತಿಳಿಸಿ.