ನಿಂಬೆ ಗಿಡಗಳಿಗೆ ಕಜ್ಜಿ: ಮಳೆಗೆ ಮುಂಚೆ ಎಲ್ಲರೂ ಒಂದೇ ದಿನ ಕೊಂಬೆ ಸವರೋಣವೇ?

3ನೇ ಅಡ್ಡರಸ್ತೆ, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಸಾಲಿನ ಐದಾರು ಮನೆಗಳ ನಿಂಬೆ ಗಿಡಕ್ಕೆ ಒಂದೇ ಕಾಯಿಲೆ ಬಂದಿದೆ. ಎಲೆ ಮೇಲೆ ಕಂದು ಚುಕ್ಕೆ, ಅದರ ಸುತ್ತ ಹಳದಿ ಬಳೆ. ಬೆರಳಾಡಿಸಿ ನೋಡಿ, ಚುಕ್ಕೆ ಉಬ್ಬಿಕೊಂಡು ಒರಟಾಗಿ ಸಿಗುತ್ತದೆ. ಎಲೆಯ ಹಿಂಬದಿಯಲ್ಲೂ ಹಾಗೇ, ಕಾಯಿ ಮೇಲೂ ಹಾಗೇ. ಇದು ಕಜ್ಜಿ ರೋಗ. ಬ್ಯಾಕ್ಟೀರಿಯಾದಿಂದ ಬರುತ್ತದೆ. ಮಳೆ ಹನಿ ಸಿಡಿದು ಗಾಳಿ ಜೊತೆ ಕಾಂಪೌಂಡ್ ದಾಟುತ್ತದೆ. ಹಾಗಾಗಿ ಒಂದು ಮನೆಯವರು ಔಷಧಿ ಹೊಡೆದು, ಪಕ್ಕದವರು ಬಿಟ್ಟರೆ ದುಡ್ಡು ದಂಡ. ಬರುವ ಭಾನುವಾರ ಎಲ್ಲರೂ ರೋಗದ ಕೊಂಬೆ ಕತ್ತರಿಸಿ ಔಷಧಿ ಹೊಡೆಯೋಣ, ಆಗುತ್ತದಾ?

2ನೇ ಅಡ್ಡರಸ್ತೆ, ಮೇಲಿನ ಮಹಡಿ:
ನಮ್ಮ ಕುಂಡದ ಗಿಡದಲ್ಲಿ ಚುಕ್ಕೆ ಇಲ್ಲ ಸರ್. ಚಿಗುರೆಲೆ ಮುದುರಿದೆ, ಮೇಲೆ ಬೆಳ್ಳಿ ಗೆರೆ ಅಂಕುಡೊಂಕಾಗಿ ಓಡಿದೆ. ಅದೂ ಕಜ್ಜಿನಾ?

ಮೂಲೆ ಮನೆ:
ಅಲ್ಲ ಮೇಡಂ, ಅದು ರಂಗೋಲಿ ಹುಳು. ಎಲೆಯ ಪದರದೊಳಗೇ ಕೊರೆದುಕೊಂಡು ಹೋಗುತ್ತದೆ. ಆದರೆ ಸುಮ್ನೆ ಬಿಡಬೇಡಿ. ಅದು ಮಾಡಿದ ಗಾಯದಲ್ಲಿ ಕಜ್ಜಿ ಸಲೀಸಾಗಿ ಒಳಗೆ ಹೋಗುತ್ತದೆ. ಹೊಸ ಚಿಗುರು ಬಂದಾಗಲೇ ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ. ಲೀಟರ್ ನೀರಿಗೆ 5 ಮಿ.ಲೀ., ಬೆರೆಯಲು ಸ್ವಲ್ಪ ಸೋಪು.

4ನೇ ಅಡ್ಡರಸ್ತೆ, ಹಳದಿ ಗೇಟು:
ನಮ್ಮಲ್ಲಿ ನರ ಹಸಿರಾಗಿದೆ, ನಡುವಿನ ಜಾಗ ಮಾತ್ರ ಹಳದಿ.

ಮೂಲೆ ಮನೆ:
ಅದು ಹೆಚ್ಚಾಗಿ ಸತುವಿನ ಕೊರತೆ, ಅಂಟುವ ರೋಗ ಅಲ್ಲ. ನಿಮ್ಮ ಗಿಡ ಸವರುವುದು ಬೇಡ.

1ನೇ ಅಡ್ಡರಸ್ತೆ, ಅಜ್ಜ:
ಅಂಗಡಿಯ ದುಬಾರಿ ಡಬ್ಬಿ ಯಾಕಪ್ಪಾ? ಮನೆಯಲ್ಲೇ ಬೋರ್ಡೋ ದ್ರಾವಣ ಮಾಡೋಣ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಕೊಳೆಗೆ ಹೊಡೆಯುವುದು ಇದನ್ನೇ. 5 ಲೀಟರ್ ನೀರಲ್ಲಿ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದು 5 ಲೀಟರಲ್ಲಿ 100 ಗ್ರಾಂ ಹೊಸ ಸುಣ್ಣ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಕಬ್ಬಿಣದ್ದು ಬೇಡ. ಸುಣ್ಣದ ನೀರನ್ನು ಸೋಸಿ, ಅದಕ್ಕೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿದು ಕಲಕಬೇಕು. ಆಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಇಲ್ಲದಿದ್ದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು, ನಾಳೆಗೆ ಎತ್ತಿಡುವ ಹಾಗಿಲ್ಲ.

ಹಳದಿ ಗೇಟು:
ಸವರಿದ ಕೊಂಬೆ ಏನು ಮಾಡುವುದು? ಹೋದ ಸಲ ಯಾರೋ ಖಾಲಿ ಸೈಟಿಗೆ ಎಸೆದರು. ನಮ್ಮ ಗೋಡೆ ಪಕ್ಕದಲ್ಲೇ.

2ನೇ ಅಡ್ಡರಸ್ತೆ, ಮೇಲಿನ ಮಹಡಿ:
ಸುಟ್ಟರೆ ಆಯ್ತಲ್ವಾ?

ಮೂಲೆ ಮನೆ:
ಪುಸ್ತಕದಲ್ಲಿ ಹಾಗೇ ಬರೆದಿರುತ್ತದೆ, ಆದರೆ ಅದು ತೋಟಕ್ಕೆ. ಊರೊಳಗೆ ಬೆಂಕಿ ಹಾಕಿದರೆ ಹೊಗೆ, ಜೊತೆಗೆ ದಂಡ. ನಮ್ಮ ಹಿತ್ತಲಲ್ಲಿ ಎರಡಡಿ ಗುಂಡಿ ತೋಡಿಸುತ್ತೇನೆ, ಎಲ್ಲ ಅಲ್ಲಿಗೇ ತನ್ನಿ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ತನ್ನಿ. ರಸ್ತೆ ಉದ್ದಕ್ಕೂ ಎಳೆದುಕೊಂಡು ಬರಬೇಡಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಗೆ ಸ್ಪಿರಿಟ್ ಒರೆಸಿ.

5ನೇ ಅಡ್ಡರಸ್ತೆ, ಕೊನೆ ಮನೆ:
ಕಜ್ಜಿ ಇರುವ ಕಾಯಿ ಉಪ್ಪಿನಕಾಯಿಗೆ ಆಗುತ್ತದಾ? ಒಂದು ಬುಟ್ಟಿ ಇದೆ.

1ನೇ ಅಡ್ಡರಸ್ತೆ, ಅಜ್ಜ:
ಧಾರಾಳವಾಗಿ ಹಾಕಮ್ಮ. ಸಿಪ್ಪೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಔಷಧಿ ಹೊಡೆಯುವ ಮುಂಚೆ ಕಿತ್ತುಕೋ.

ಮೂಲೆ ಮನೆ:
ಹಾಗಾದರೆ ಭಾನುವಾರ ಬೆಳಿಗ್ಗೆ 7ಕ್ಕೆ. ಮಳೆ ಬಂದರೆ ಬೇಡ, ಒದ್ದೆ ಗಿಡ ಮುಟ್ಟಿದರೆ ರೋಗ ಇನ್ನೂ ಹರಡುತ್ತದೆ. ಸ್ಪ್ರೇಯರ್ ಅಜ್ಜ ಕೊಡುತ್ತಾರೆ. ಸಂಪಿನ ಮುಚ್ಚಳ ಭದ್ರವಾಗಿ ಹಾಕಿ. ಮೀನಿನ ತೊಟ್ಟಿ ಇದ್ದವರು ಮುಚ್ಚಿಡಿ, ಮೀನಿಗೆ ತಾಮ್ರ ಆಗುವುದಿಲ್ಲ. ಬರುವವರು ಮನೆ ಗುರುತು, ಗಿಡ ಎಷ್ಟು ಅಂತ ಕೆಳಗೆ ಬರೆಯಿರಿ. ಅದನ್ನು ನೋಡಿಕೊಂಡು ಮೈಲುತುತ್ತ ತರುತ್ತೇನೆ.

ಕೊನೆ ಮನೆ: ಎರಡು ಗಿಡ.

ಹಳದಿ ಗೇಟು: ಸವರುವ ಗಿಡ ಇಲ್ಲ, ಆದರೆ ಗುಂಡಿ ತೋಡಲು ನಾನು, ಮಗ ಬರುತ್ತೇವೆ.